ಗದ್ದಲದ ತವರು

'ಆಕಾಶವಾಣಿ' ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ಮೈಸೂರಿನ ಒಂದು ಮನೆ ನನ್ನ ಮನಸ್ಸಿಗೆ ಬರುತ್ತದೆ. 1935ರಲ್ಲಿ, ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ 'ವಿಠ್ಠಲ ವಿಹಾರ'ದಲ್ಲಿ ಒಂದು ಪುಟ್ಟ ಪ್ರಸಾರಯಂತ್ರವನ್ನು ಹೂಡಿ ಬಾನುಲಿಯನ್ನು ಆರಂಭಿಸಿದರು. ಅವರ ನಿಲಯದ ಹೆಸರೇ ಆಕಾಶವಾಣಿ. ಹೆಸರೇನೋ ಸುಂದರವಾದದ್ದೇ. ಆದರೆ ಆಕಾಶದ ವಾಣಿ ನಮ್ಮ ಕಿವಿಗೆ ಮುಟ್ಟಬೇಕಾದರೆ ಭೂಮಿಯ ಗದ್ದಲ ಸ್ವಲ್ಪ ಸುಮ್ಮನಿರಬೇಕು. ಆ ಗದ್ದಲದ ತವರನ್ನು ಹುಡುಕಿಕೊಂಡು ಹೊರಟ ಒಂದು ಪುಟ್ಟ ಯಾತ್ರೆಯ ಕಥೆಯನ್ನು ಈಹೊತ್ತು ನಿಮ್ಮ ಮುಂದೆ ಇಡುತ್ತೇನೆ.

ನಾನು ನಿವೃತ್ತ ಶಾಲಾ ಉಪಾಧ್ಯಾಯ. ಜೊತೆಗೆ ಹವ್ಯಾಸಿ ಬಾನುಲಿಗ. ಸರ್ಕಾರದ ಪರೀಕ್ಷೆಗೆ ಕುಳಿತು, ಪರವಾನಗಿ ಪಡೆದು, ಸ್ವಂತ ಯಂತ್ರದಿಂದ ದೂರದ ಊರಿನ ಇಂಥದೇ ಹವ್ಯಾಸಿಗಳೊಡನೆ ಮಾತನಾಡುವವರು ನಾವು. ಕೈಗೊಂದು ದೂರವಾಣಿಯಿರುವ ಈ ಕಾಲದಲ್ಲಿ ಇದೆಂಥ ಹುಚ್ಚು ಎಂದು ಕೇಳುವವರುಂಟು. 2004ರ ಡಿಸೆಂಬರಿನಲ್ಲಿ ಸುನಾಮಿ ಅಂಡಮಾನನ್ನು ಅಪ್ಪಳಿಸಿದಾಗ, ಪೋರ್ಟ್ ಬ್ಲೇರಿನಲ್ಲಿದ್ದ ಹವ್ಯಾಸಿಗಳೇ ಕಂಗೆಟ್ಟ ಕುಟುಂಬಗಳಿಗೆ ತಮ್ಮವರ ಸುದ್ದಿಯನ್ನು ಮುಟ್ಟಿಸಿದರು. ಹುಚ್ಚಿಗೂ ಒಂದೊಂದು ಸಲ ಉಪಯೋಗವಿರುತ್ತದೆ.

ನನ್ನ ಪಾಲಿನ ಉಪಯೋಗ ಅದಕ್ಕಿಂತ ಚಿಕ್ಕದು. ಧಾರವಾಡದಲ್ಲಿ ನನಗೊಬ್ಬ ಹಿರಿಯ ಮಿತ್ರರಿದ್ದಾರೆ. ಮೂರು ವರ್ಷಗಳ ಹಿಂದೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಮಾತು ಹೋಯಿತು, ಬಲಗೈ ಬೆರಳು ಉಳಿಯಿತು. ಆ ಬೆರಳಿನಿಂದ ಅವರು ದಿನವೂ ಬೆಳಗ್ಗೆ ಆರೂವರೆಗೆ 40 ಮೀಟರಿನ ತರಂಗದಲ್ಲಿ ಮೋರ್ಸ್ ಲಿಪಿಯನ್ನು ತಟ್ಟುತ್ತಾರೆ. ಅವರ ಯಂತ್ರದ ಶಕ್ತಿ 5 ವ್ಯಾಟ್, ದೇವರ ಮನೆಯ ಸಣ್ಣ ದೀಪದಷ್ಟು. ಆ ಸದ್ದು ಕೇಳಿಸಿದರೆ 'ಇದ್ದಾರೆ' ಎಂದು ನನಗೆ ಸಮಾಧಾನ. ನಾನು ಉತ್ತರಿಸಿದರೆ 'ಕೇಳುವವರಿದ್ದಾರೆ' ಎಂದು ಅವರಿಗೆ ಸಮಾಧಾನ.

ಕಳೆದ ದೀಪಾವಳಿಗೆ ನಾನು ಸೊರಬ–ಶಿಕಾರಿಪುರ ಸೀಮೆಯ ಕ್ಯಾಸನೂರಿಗೆ, ತಂಗಿಯ ಮನೆಗೆ ಹೋಗಿದ್ದೆ. ಹಲಸಿನ ಮರದಿಂದ ಮಾವಿನ ಮರಕ್ಕೆ 20 ಮೀಟರ್ ತಂತಿಯನ್ನು ಕಟ್ಟಿ, ಯಂತ್ರವನ್ನು ಬ್ಯಾಟರಿಗೆ ಜೋಡಿಸಿ, ಬೆಳಗ್ಗೆ ಕಿವಿಗೊಟ್ಟರೆ ಧಾರವಾಡವಿಲ್ಲ, ಬರೀ ಗದ್ದಲ! ಒಂದು, ಎಡೆಬಿಡದ ಝೇಂಕಾರ. ಅದರ ಮೇಲೆ, ಗೋಡೆ ಗಡಿಯಾರದ ಹಾಗೆ, ಟಕ್, ಟಕ್, ಟಕ್. ಮೋರ್ಸಿನ ಚುಕ್ಕೆ ಯಾವುದು, ಗದ್ದಲದ ಚುಕ್ಕೆ ಯಾವುದು ಎಂದು ತಿಳಿಯುವಂತಿರಲಿಲ್ಲ.

"ಮಾವ, ಇದು ರಸ್ತೆ ಕಂಬದ್ದೇ ಕಾಟ. ಈಗಲೇ ದೂರು ಕೊಟ್ಟುಬಿಡೋಣ" ಎಂದ ತಂಗಿಯ ಮಗ. ಪರರ ಮೇಲೆ ದೂರು ಕೊಡುವುದಕ್ಕಿಂತ ಮುಂಚೆ ನಮ್ಮ ಮನೆಯನ್ನು ನೋಡಬೇಕೆಂಬುದು ಈ ವಿದ್ಯೆಯ ಮೊದಲ ಪಾಠ. ಮನೆಯ ಮೇನ್ ಸ್ವಿಚ್ಚನ್ನು ಆರಿಸಿದೆವು. ಝೇಂಕಾರ ಥಟ್ಟನೆ ನಿಂತಿತು! ಮತ್ತೆ ಹಾಕಿ, ಒಂದೊಂದೇ ಉಪಕರಣವನ್ನು ತೆಗೆಯುತ್ತ ಬಂದರೆ ಸಿಕ್ಕಿದ್ದು ಆ ಹುಡುಗನದೇ ಮೊಬೈಲಿನ ಅಗ್ಗದ ಚಾರ್ಜರ್. ಇಂಥ ಚಾರ್ಜರುಗಳೂ ಕೆಲವು ಎಲ್‌ಇಡಿ ದೀಪಗಳೂ ವಿದ್ಯುತ್ತನ್ನು ಕ್ಷಣಕ್ಕೆ ಸಾವಿರಾರು ಸಲ ಕಡಿದು ಜೋಡಿಸಿ ಕೆಲಸ ಮಾಡುತ್ತವೆ. ಅವುಗಳೊಳಗೆ ಸೋಸುವ ಬಿಡಿಭಾಗವಿಲ್ಲದಿದ್ದರೆ ಆ ಕಡಿತವೆಲ್ಲ ತಂತಿಯ ಮೂಲಕ ಹೊರಬಿದ್ದು ಗದ್ದಲವಾಗುತ್ತದೆ. ಅರ್ಧ ಅಪರಾಧ ನಮ್ಮ ಮನೆಯದೇ ಆಗಿತ್ತು. ಹುಡುಗ ದೂರಿನ ಮಾತನ್ನು ಮತ್ತೆ ಎತ್ತಲಿಲ್ಲ.

ಉಳಿದದ್ದು ಟಕ್ ಟಕ್. ಗದ್ದಲಕ್ಕೂ ಒಂದು ಲಯವುಂಟು, ಆ ಲಯವೇ ಅದರ ಕುಲಗೋತ್ರವನ್ನು ಹೇಳುತ್ತದೆ. ಕಂಬದ ಮೇಲೆ ಸಡಿಲವಾದ ಬೋಲ್ಟೋ ತಂತಿಯೋ ಕಿಡಿಯಾಡುತ್ತಿದ್ದರೆ, ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದ್ದರಿಂದ, ಆವರ್ತಕ್ಕೆ ಎರಡು ಬಾರಿಯಂತೆ ಸೆಕೆಂಡಿಗೆ 100 ಸಲ ಬಡಿಯುವ ಒರಟು ಗುರುಗುಟ್ಟುವಿಕೆ ಕೇಳಬೇಕು. ಅಂಥ ಕಿಡಿ ಒಣಹವೆಯಲ್ಲಿ ಹೆಚ್ಚು, ಮಳೆ ಬಂದರೆ ಸಾಮಾನ್ಯವಾಗಿ ಅಡಗುತ್ತದೆ. ನಮ್ಮದು ಸೆಕೆಂಡಿಗೆ ಸುಮಾರು ಒಂದೇ ಸಲ. ಅದೂ ಇಬ್ಬನಿ ಬಿದ್ದ ಬೆಳಗಿನಲ್ಲಿ ಜೋರು, ಬಿಸಿಲೇರಿದಂತೆ ಕ್ಷೀಣ. ಕಂಬ ನಿರಪರಾಧಿ. ಇದು ಹಂದಿ ಬಾರದಂತೆ ಹೊಲಕ್ಕೆ ಹಾಕುವ ಸೋಲಾರ್ ಬೇಲಿಯ ನಾಡಿ!

ಲಯವನ್ನು ಹಿಡಿದೇ ಮೂಲವನ್ನು ಹುಡುಕಿದವರಲ್ಲಿ ಅಮೆರಿಕದ ಕಾರ್ಲ್ ಜಾನ್ಸ್ಕಿ ಅಗ್ರಗಣ್ಯ. ಸಾಗರದಾಚೆಗಿನ ದೂರವಾಣಿ ಮಾತಿಗೆ ಅಡ್ಡಿಯಾಗುವ ಗದ್ದಲವನ್ನು ಪತ್ತೆ ಮಾಡುವ ಕೆಲಸವನ್ನು ಬೆಲ್ ಪ್ರಯೋಗಾಲಯ ಆತನಿಗೆ ಒಪ್ಪಿಸಿತ್ತು. ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ಆಂಟೆನಾ ಕಟ್ಟಿ ಆತ ಆಲಿಸಿದ. ಹತ್ತಿರದ ಗುಡುಗಿನ ಸದ್ದು, ದೂರದ ಗುಡುಗಿನ ಸದ್ದು ಎರಡನ್ನೂ ಗುರುತಿಸಿದ ಮೇಲೂ ಒಂದು ಸಣ್ಣ ಭುಸುಗುಡುವಿಕೆ ಉಳಿಯಿತು. ಅದು ಮೇಲೇರುತ್ತಿದ್ದುದು 24 ಗಂಟೆಗೊಮ್ಮೆಯಲ್ಲ. 23 ಗಂಟೆ 56 ನಿಮಿಷಕ್ಕೊಮ್ಮೆ. ಅದು ಸೂರ್ಯನ ಲೆಕ್ಕವಲ್ಲ, ನಕ್ಷತ್ರಗಳ ಲೆಕ್ಕ. ಧನು ರಾಶಿಯ ದಿಕ್ಕಿನಲ್ಲಿರುವ ನಮ್ಮ ಆಕಾಶಗಂಗೆಯ ನಡುವಿನಿಂದ ಆ ಸದ್ದು ಬರುತ್ತಿದೆಯೆಂದು 1933ರಲ್ಲಿ ಆತ ಜಗತ್ತಿಗೆ ತಿಳಿಸಿದ. ಬಾನುಲಿ ಖಗೋಳಶಾಸ್ತ್ರ ಹುಟ್ಟಿದ್ದು ಹಾಗೆ.

ನಮ್ಮ ಯಾತ್ರೆಗೆ ಆಕಾಶಗಂಗೆಯ ಹಂಬಲವಿರಲಿಲ್ಲ. ಯಾರ ಬೇಲಿ ಎಂದು ತಿಳಿದರೆ ಸಾಕಿತ್ತು. ಇದಕ್ಕೆ ಹಳೆಯ ಟ್ರಾನ್ಸಿಸ್ಟರ್ ಒಂದೇ ಸಾಕು. ಅದರೊಳಗೆ ಫೆರೈಟಿನ ಕಪ್ಪು ಕಡ್ಡಿಯೊಂದಿರುತ್ತದೆ. ಕಡ್ಡಿಯ ತುದಿ ಮೂಲದತ್ತ ತಿರುಗಿದಾಗ ಸದ್ದು ಕುಗ್ಗುತ್ತದೆ, ಪಕ್ಕ ತಿರುಗಿದಾಗ ಹಿಗ್ಗುತ್ತದೆ. ಮಧ್ಯಮ ತರಂಗದ ಯಾವುದಾದರೂ ನಿಲಯವನ್ನು ಹಚ್ಚಿಕೊಂಡು ರೇಡಿಯೋವನ್ನು ಮೆಲ್ಲಗೆ ತಿರುಗಿಸಿ ನೋಡಿ, ನಿಮಗೇ ತಿಳಿದೀತು. ಹಿಗ್ಗಿಗಿಂತ ಕುಗ್ಗನ್ನೇ ನಂಬಬೇಕು. ಅದರ ಗುರುತು ಚೂಪು. ನಿಲಯವಿಲ್ಲದ ಜಾಗಕ್ಕೆ ಮುಳ್ಳನ್ನು ಸರಿಸಿ, ಮನೆಯ ಹಿತ್ತಲಿನಿಂದ ಒಂದು ಗೆರೆ, ಕೆರೆ ಏರಿಯಿಂದ ಇನ್ನೊಂದು ಗೆರೆ ಎಳೆದೆವು. ಗೆರೆಗಳು ಕೂಡಿದ್ದು ಕಾಡಂಚಿನ ಒಂದು ಜೋಳದ ಹೊಲದಲ್ಲಿ.

ಹೊಲದ ಯಜಮಾನರಾದ ಗೌಡರು ನಮ್ಮನ್ನು ಅನುಮಾನದಿಂದಲೇ ನೋಡಿದರು. "ಬೇಲಿ ತೆಗೀರಿ ಅಂತ ಹೇಳೋಕೆ ಬಂದ್ರಾ ಮೇಷ್ಟ್ರೇ? ಎರಡು ರಾತ್ರಿಯಿಂದ ಹಂದಿ ನುಗ್ಗಿ ಅರ್ಧ ಬೆಳೆ ಹೋಗೈತೆ."

"ತೆಗೆಯೋದು ಬೇಡ ಗೌಡ್ರೇ. ಒಂದು ನಿಮಿಷ ಆರಿಸಿ, ಆಮೇಲೆ ಹಾಕಿ. ಅಷ್ಟೇ ಸಾಕು" ಎಂದೆ.

ಆರಿಸಿದರು, ಟ್ರಾನ್ಸಿಸ್ಟರ್ ಮೌನವಾಯಿತು. ಹಾಕಿದರು, ಟಕ್ ಟಕ್. ಗೌಡರ ಮುಖದಲ್ಲಿ ಕುತೂಹಲ ಮೂಡಿತು. ಆದರೆ ಬೇಲಿಯ ಹತ್ತಿರ ಹೋದ ಮೇಲೆ ತಂತಿ ಉದ್ದಕ್ಕೂ ಹಾಡುವುದರಿಂದ ರೇಡಿಯೋ ಕುರುಡಾಗುತ್ತದೆ. ಅಲ್ಲಿಂದ ಮುಂದೆ ಕಣ್ಣೇ ಗತಿ. ಮರುದಿನ ಬೆಳಕು ಹರಿಯುವ ಮುನ್ನ ಗೌಡರೊಡನೆ ಬೇಲಿಗುಂಟ ನಡೆದೆವು. ಮೂಲೆಯೊಂದರಲ್ಲಿ, ಮಳೆಗಾಲದಲ್ಲಿ ಸೊಕ್ಕಿ ಬೆಳೆದ ಲಂಟಾನ ಪೊದೆಯೊಳಗೆ, ಸೆಕೆಂಡಿಗೊಂದು ನೀಲಿ ಕಿಡಿ ಕಂಡಿತು. ಒದ್ದೆ ಬಳ್ಳಿಯೊಂದು ತಂತಿಗೆ ತಗುಲಿ, ಬೇಲಿಯ ಬಲವನ್ನೆಲ್ಲ ನೆಲಕ್ಕೆ ಸೋರಿಸುತ್ತಿತ್ತು.

"ಹಂದಿ ನುಗ್ಗಿದ್ದು ಇಲ್ಲೇ ಮೇಷ್ಟ್ರೇ!" ಎಂದರು ಗೌಡರು. "ಮಿಷನ್ನೇ ಕೆಟ್ಟದ್ದು ಅಂತ ಬೈಕೊಂಡಿದ್ದೆ."

ನಾನು ಪೊದೆಗೆ ಕೈ ಹಾಕಹೋದಾಗ ಅವರು ತಡೆದರು. "ಹಾಗೆಲ್ಲ ಕೈ ಹಾಕ್ಬೇಡಿ, ಉಣುಗು ಹತ್ತುತ್ತೆ. ನಮ್ಮೂರ ಹೆಸರು ಎಲ್ಲೆಲ್ಲಿಗೋ ಹೋಗಿದ್ದೇ ಅದರಿಂದ." ಬೇಲಿಯನ್ನು ಆರಿಸಿ, ಉದ್ದ ಹಿಡಿಯ ಕತ್ತಿಯಿಂದ ಅವರೇ ಬಳ್ಳಿಯನ್ನು ಸವರಿದರು.

ಗೌಡರ ಮಾತು ನಿಜ. 1957ರಲ್ಲಿ ಈ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದುವು. ಸುತ್ತಲ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಹಳದಿ ಜ್ವರವಿರಬಹುದೇ ಎಂಬ ಆತಂಕವೂ ಹುಟ್ಟಿತು. ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು ಬಂದು ಹುಡುಕಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದಕ್ಕೆ ಕ್ಯಾಸನೂರು ಕಾಡಿನ ಹೆಸರನ್ನೇ ಇಟ್ಟರು. ಅದನ್ನು ಮನುಷ್ಯನಿಗೆ ಮುಟ್ಟಿಸುವುದು ಕಾಡಿನ ಸಣ್ಣ ಉಣುಗು. ಮಂಗವೂ ನಮ್ಮಂತೆಯೇ ಅದಕ್ಕೆ ಬಲಿಯಾಗುವ ಜೀವಿ. ಆದರೂ ನಮ್ಮ ಬಾಯಲ್ಲಿ ಅದು ಇಂದಿಗೂ 'ಮಂಗನ ಕಾಯಿಲೆ'ಯೇ! ಕಣ್ಣಿಗೆ ಬಿದ್ದವರ ಹೆಸರಿಗೆ ಅಪರಾಧವನ್ನು ಬರೆಯುವುದು ನಮ್ಮ ಹಳೆಯ ಅಭ್ಯಾಸ. ಹುಡುಗ ಕಂಬವನ್ನು ದೂರಿದ, ಗೌಡರು ಯಂತ್ರವನ್ನು ದೂರಿದರು. ನಿಜವಾದ ಮೂಲ ಒಂದು ಬಳ್ಳಿಯಷ್ಟು, ಒಂದು ಉಣುಗಿನಷ್ಟು ಚಿಕ್ಕದಾಗಿ ಪೊದೆಯಲ್ಲಿ ಅಡಗಿರುತ್ತದೆ. ಅದನ್ನು ಕಾಣಬೇಕಾದರೆ ಸಿಟ್ಟನ್ನು ಮನೆಯಲ್ಲಿ ಬಿಟ್ಟು, ನೆರೆಯವರನ್ನು ಜೊತೆಗೆ ಕರೆದುಕೊಂಡು ಹೊರಡಬೇಕು.

ಕೇಳುಗರಲ್ಲಿ ಯಾರಾದರೂ ಇಂಥ ಹುಡುಕಾಟಕ್ಕೆ ಹೊರಡುವುದಾದರೆ ಎರಡು ಮಾತು. ಮೂಲ ವಿದ್ಯುತ್ ಕಂಬದಲ್ಲಿದ್ದರೆ ಅದನ್ನು ಅಲುಗಿಸಬೇಡಿ. ಕಂಬದ ಸಂಖ್ಯೆಯನ್ನು ಬರೆದುಕೊಂಡು ಲೈನ್‌ಮನ್ನನಿಗೆ ತಿಳಿಸಿ. ಬೇಲಿಗೆ ಮನೆಯ ವಿದ್ಯುತ್ತನ್ನು ನೇರವಾಗಿ ಹರಿಸಿರುವುದು ಕಂಡರೆ ದೂರ ನಿಲ್ಲಿ. ಅದು ಕಾನೂನಿಗೆ ವಿರುದ್ಧ, ಜೀವಕ್ಕೂ ಮುಳುವು.

ಅಂದು ಮನೆಗೆ ಬಂದು ಯಂತ್ರದ ಮುಂದೆ ಕುಳಿತಾಗ ಆರೂವರೆ ದಾಟಿತ್ತು. ಗದ್ದಲ ಅಡಗಿದ ಆಕಾಶದಲ್ಲಿ ಧಾರವಾಡದ ಬೆರಳು ನಿಧಾನವಾಗಿ ನನ್ನನ್ನು ಕರೆಯುತ್ತಿತ್ತು, ಮೂರು ದಿನಗಳಿಂದಲೂ ಹಾಗೆಯೇ ಕರೆಯುತ್ತಿತ್ತೋ ಏನೋ. ತಡವಾದ ಕಾರಣವನ್ನು ಚುಟುಕಾಗಿ ತಟ್ಟಿದೆ. ಸ್ವಲ್ಪ ಹೊತ್ತು ಮೌನ. ಅನಂತರ ಬಂದದ್ದು ಎರಡೇ ಅಂಕಿ: 73. ನಮ್ಮವರ ಸಂಕೇತದಲ್ಲಿ 'ಶುಭಾಶಯಗಳು' ಎಂದು ಅದರ ಅರ್ಥ.