ದೊಡ್ಡವರ ಓದು
(ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಈ ಶುಭದಿನ ನುಡಿಯ ಹಿರಿಮೆಯನ್ನು ಕುರಿತು ಹಿರಿಯರು ಮಾತನಾಡಿದ್ದಾರೆ. ನಾವು ಮನೆಯೊಳಗಿನ ಒಂದು ವಿಷಯವನ್ನು ತಮ್ಮ ಮುಂದಿಡಬಯಸುತ್ತೇವೆ. ಅರ್ಧಕ್ಕೆ ನಿಂತ ಓದನ್ನು ದೊಡ್ಡವರಾದ ಮೇಲೆ ಮುಂದುವರಿಸುವುದೇ ಆ ವಿಷಯ.

ಇದು ನಮ್ಮವರಿಗೆ ಹೊಸದೇನೂ ಅಲ್ಲ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಕರಾವಳಿಯ ಹುಡುಗರು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು, ಸಂಜೆ ಪುಸ್ತಕ ಹಿಡಿದು ಕನ್ನಡ ರಾತ್ರಿಶಾಲೆಗಳಿಗೆ ನಡೆಯುತ್ತಿದ್ದರು. ಮೊಗವೀರ ಬಂಧುಗಳ ಉಚಿತ ರಾತ್ರಿಶಾಲೆ 1908ರಲ್ಲಿಯೇ ತೆರೆಯಿತು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿಶಾಲೆಯೂ ಇದೇ ಸೇವೆ ಸಲ್ಲಿಸಿತು. ತಟ್ಟೆ ಲೋಟ ತೊಳೆದ ಕೈಗಳು ಅಲ್ಲಿ ಲೇಖನಿ ಹಿಡಿದವು. ಗುಮಾಸ್ತರಾದವರೂ ಪದವೀಧರರಾದವರೂ ಅಲ್ಲಿಂದ ಹೊರಬಂದರು.

ಆದರೆ ರಾತ್ರಿಶಾಲೆಯ ಹೊತ್ತೇ ಅಡುಗೆಮನೆಯ ಹೊತ್ತು. ಊರಿನಲ್ಲಿ ಏಳನೆಯ, ಎಂಟನೆಯ ತರಗತಿಗೆ ಶಾಲೆ ಬಿಟ್ಟು, ಮದುವೆಯಾಗಿ ಠಾಣೆ, ಡೊಂಬಿವಲಿ, ಕಲ್ಯಾಣಗಳಿಗೆ ಬಂದ ಸೋದರಿಯರಿಗೆ ಆ ಬಾಗಿಲು ದೂರವೇ ಉಳಿಯಿತು. ಮುಂಜಾನೆಯ ಲೋಕಲಿಗೆ ಡಬ್ಬಿ ಕಟ್ಟಿಕೊಟ್ಟು ಮಕ್ಕಳನ್ನು ಕಾಲೇಜು ದಾಟಿಸಿದ ಎಷ್ಟೋ ತಾಯಂದಿರು ಇಂದಿಗೂ ಬ್ಯಾಂಕಿನ ಅರ್ಜಿಯನ್ನು ತುಂಬಲು ಮಗನ ದಾರಿ ಕಾಯುತ್ತಾರೆ. ಇದು ಬುದ್ಧಿಯ ಕೊರತೆಯಲ್ಲ, ಅವಕಾಶದ ಕೊರತೆ.

ಇಂದು ಅವಕಾಶವುಂಟು. 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ ಹತ್ತನೆಯ ತರಗತಿಗೆ ಸೇರಲು 14 ವರ್ಷ ತುಂಬಿದ್ದರೆ ಸಾಕು. ಮೇಲಿನ ವಯಸ್ಸಿಗೆ ಮಿತಿಯಿಲ್ಲ. ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು, ಆದರೆ ಎಲ್ಲವನ್ನೂ ಒಂದೇ ಸಲ ಬರೆಯಬೇಕಾಗಿಲ್ಲ. ಒಂದೊಂದಾಗಿ, ಐದು ವರ್ಷಗಳೊಳಗೆ ಮುಗಿಸಬಹುದು. ಭಾಷಾವಿಷಯಗಳಲ್ಲಿ ನಮ್ಮ ಕನ್ನಡವೂ ಸೇರಿದೆ. ಮಹಾರಾಷ್ಟ್ರ ಮಂಡಳಿಯ ಪರೀಕ್ಷೆಗೆ 17ನೇ ನಮೂನೆಯ ಅರ್ಜಿ ತುಂಬಿ ಖಾಸಗಿಯಾಗಿ ಕುಳಿತುಕೊಳ್ಳುವ ದಾರಿಯೂ ಇದೆ. ಮುಂದೆ ಪದವಿ ಬೇಕೆನ್ನುವವರಿಗೆ 1989ರಲ್ಲಿಯೇ ಹುಟ್ಟಿದ ನಾಸಿಕದ ಯಶವಂತರಾವ್ ಚವ್ಹಾಣ್ ಮುಕ್ತ ವಿಶ್ವವಿದ್ಯಾಲಯವಿದೆ.

ಹಾಗಾದರೆ ತಡೆಯೇನು? ಗಣಿತದ ಭಯ ಒಂದು. ನೆರೆಹೊರೆಯವರು ನಕ್ಕಾರೆಂಬ ಸಂಕೋಚ ಇನ್ನೊಂದು. ಇವೆರಡಕ್ಕಿಂತ ದೊಡ್ಡ ತಡೆ, ದಿನಕ್ಕೆ ಒಂದು ಗಂಟೆ ತನ್ನದೆನ್ನುವ ಹೊತ್ತು ಆಕೆಗಿಲ್ಲದಿರುವುದು. ಆ ಒಂದು ಗಂಟೆಯನ್ನು ಯಾವ ಸರಕಾರವೂ ಕೊಡಲಾರದು, ಮನೆಯವರೇ ಕೊಡಬೇಕು. ಗಂಡನು ಅನ್ನಕ್ಕಿಡಲಿ, ಮಗಳು ಲೆಕ್ಕ ಹೇಳಿಕೊಡಲಿ, ಅತ್ತೆಯವರು “ಓದಮ್ಮ” ಎನ್ನಲಿ. ಅತ್ತೆಯ ಆ ಒಂದು ಮಾತಿಗೆ ಬಹಳ ಬಲವುಂಟು.

ಸಂಘಕ್ಕೂ ನಮ್ಮದೊಂದು ಬಿನ್ನಹ. ಭಾನುವಾರ ಮಧ್ಯಾಹ್ನ ಒಂದು ಕೊಠಡಿ, ನಾಲ್ಕು ಬೆಂಚು, ಒಂದು ಕರಿಹಲಗೆ ದೊರೆತರೆ ಸಾಕು. ನಿವೃತ್ತರಾದ ಅಧ್ಯಾಪಕರು ನಮ್ಮಲ್ಲಿಯೇ ಇದ್ದಾರೆ, ಕರೆದರೆ ಬಾರದಿರುವವರಲ್ಲ. ನವಿ ಮುಂಬಯಿಯ ಸೋದರಿಯರಿಗೆ ದೂರವಾದೀತೆಂದು ಅಲ್ಲಿಯೂ ಇಂಥದೊಂದು ತರಗತಿ ನಡೆಯಲಿ.

ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದ ಮಕ್ಕಳನ್ನು ಇದೇ ವೇದಿಕೆಯ ಮೇಲೆ ಪ್ರತಿವರ್ಷ ಸನ್ಮಾನಿಸುತ್ತೇವೆ. ಆ ಪಟ್ಟಿಯಲ್ಲಿ ಬೇಗನೆ ಒಬ್ಬ ತಾಯಿಯ ಹೆಸರೂ ಸೇರಲಿ. ಅಂದು ಚಪ್ಪಾಳೆ ತಟ್ಟಲು ಆಕೆಯ ಮಕ್ಕಳೇ ಮೊದಲು ಏಳಲಿ.