ತಣ್ಣಗಿರುವ ಎಂಜಿನು ಆರೋಗ್ಯದ ಲಕ್ಷಣವೆ?

(ಪುಣೆಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನಗಳಲ್ಲಿ ನಾಡಿನ ಹಿರಿಮೆಯನ್ನೂ ನುಡಿಯ ಸೊಬಗನ್ನೂ ಕುರಿತು ಬಲ್ಲವರು ಮಾತನಾಡುತ್ತಾರೆ. ನನ್ನ ಪಾಲಿಗೆ ಬಂದಿರುವುದು ಡೀಸೆಲ್ ಕಾರಿನ ಎಂಜಿನಿನ ಬಿಸಿಯ ವಿಷಯ. ಇದೇನು ಒಣ ವಿಷಯವೆಂದು ದಯವಿಟ್ಟು ಮುಖ ತಿರುಗಿಸಬೇಡಿ. ಈ ಊರಿನಲ್ಲಿ ನೆಲಸಿರುವ ನಮ್ಮಲ್ಲಿ ಅನೇಕರು ಹಬ್ಬಕ್ಕೋ ಮದುವೆಗೋ ಸಾತಾರ, ಕೊಲ್ಲಾಪುರ, ನಿಪ್ಪಾಣಿಗಳ ದಾರಿ ಹಿಡಿದು ಬೆಳಗಾವಿ, ಧಾರವಾಡಗಳ ಕಡೆಗೆ ಸ್ವಂತ ಕಾರಿನಲ್ಲೇ ಹೊರಡುವವರು. ಮುದುಕರು, ಮಕ್ಕಳು, ಗಂಟುಮೂಟೆಗಳೊಡನೆ ಹೊರಟ ಗಾಡಿ ನಡುದಾರಿಯಲ್ಲಿ ಕೈಕೊಟ್ಟರೆ ಪಡುವ ಪಾಡು ಯಾರಿಗೂ ಬೇಡ.

ಡ್ಯಾಷ್‌ಬೋರ್ಡಿನ ಬಿಸಿಯ ಮುಳ್ಳು ಕೆಂಪು ಗೆರೆಯ ಕಡೆಗೆ ಏರಿದರೆ ಎಲ್ಲರೂ ಹೆದರುತ್ತೇವೆ. ಅದೇ ಮುಳ್ಳು ಕೆಳಗೇ ಉಳಿದರೆ, "ನಮ್ಮ ಗಾಡಿ ಬಹಳ ತಂಪು, ಒಂದು ದಿನವೂ ಕಾದದ್ದಿಲ್ಲ" ಎಂದು ಹೆಮ್ಮೆಪಡುತ್ತೇವೆ. ಈ ಹೆಮ್ಮೆ ಸರಿಯಲ್ಲವೆಂಬುದೇ ನಾನು ಇಂದು ಹೇಳಬೇಕೆಂದಿರುವ ಮಾತು. ಮೈ ಸುಟ್ಟರೆ ಜ್ವರವೆನ್ನುತ್ತೇವೆ. ಮೈ ತಣ್ಣಗಾಗುತ್ತ ಬಂದರೆ ವೈದ್ಯರು ಅದಕ್ಕಿಂತ ಹೆಚ್ಚು ಗಾಬರಿಪಡುತ್ತಾರೆ. ಎಂಜಿನಿಗೂ ಈ ಮಾತು ಸಲ್ಲುತ್ತದೆ.

ಡೀಸೆಲ್ ಎಂಜಿನಿಗೆ ಬಿಸಿಯೇ ಜೀವಾಳ. ರುಡಾಲ್ಫ್ ಡೀಸೆಲ್ ಎಂಬ ಮಹಾಶಯನು 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ ನಡೆಸಿ ತೋರಿಸಿದ ಈ ಯಂತ್ರದಲ್ಲಿ ಪೆಟ್ರೋಲ್ ಎಂಜಿನಿನಂತೆ ಕಿಡಿ ಹಾರಿಸುವ ಪ್ಲಗ್ಗು ಇಲ್ಲ. ಇಂದಿನ ಕಾರುಗಳಲ್ಲಿ ಸಿಲಿಂಡರಿನೊಳಗಿನ ಗಾಳಿಯನ್ನು ಅದರ ಗಾತ್ರದ ಸುಮಾರು ಹದಿನಾರರಲ್ಲಿ ಒಂದು ಪಾಲಿಗೆ ಒತ್ತುತ್ತಾರೆ. ಆ ಒತ್ತಡದಿಂದಲೇ ಗಾಳಿ 500 ಡಿಗ್ರಿಗೂ ಮೀರಿ ಕಾಯುತ್ತದೆ; ಅದರೊಳಕ್ಕೆ ಚಿಮ್ಮಿದ ಡೀಸೆಲ್ ತಾನಾಗಿ ಹೊತ್ತಿಕೊಳ್ಳುತ್ತದೆ. ಸುತ್ತಲಿನ ಗೋಡೆ ತಣ್ಣಗಿದ್ದರೆ ಈ ಶಾಖವನ್ನು ಅದೇ ಹೀರಿಕೊಳ್ಳುತ್ತದೆ. ಆಗ ಡೀಸೆಲ್ ಪೂರ್ತಿ ಉರಿಯದೆ ಬಿಳಿ ಹೊಗೆಯಾಗುತ್ತದೆ. ಉಳಿದದ್ದು ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲಿನೊಡನೆ ಬೆರೆಯುತ್ತದೆ. ತೆಳುವಾದ ಆಯಿಲಿನಲ್ಲಿ ಓಡುವ ಎಂಜಿನು ಬೇಗ ಸವೆಯುತ್ತದೆ. ಇದರ ಮೇಲೆ, ಎಂಜಿನು ಇನ್ನೂ ಕಾದಿಲ್ಲವೆಂದು ತಿಳಿದ ಕಂಪ್ಯೂಟರು ಡೀಸೆಲನ್ನು ಹೆಚ್ಚಾಗಿಯೇ ಬಿಡುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರೊಂದು ಇರುತ್ತದೆ. ಎಂಜಿನು ಸಾಕಷ್ಟು ಕಾಯದಿದ್ದರೆ ಆ ಮಸಿಯನ್ನು ಸುಟ್ಟು ತೆಗೆಯುವ ಕೆಲಸ ನಡೆಯದೆ ಫಿಲ್ಟರು ಕಟ್ಟಿಕೊಳ್ಳುತ್ತದೆ. ಹೊಸ ಫಿಲ್ಟರಿನ ಬೆಲೆ ಕೇಳಿದವರಿಗೆ ಈ ವಿಷಯದ ತೂಕ ಗೊತ್ತಿದೆ.

ಹಾಗಾದರೆ ಬಿಸಿಯನ್ನು ಹದದಲ್ಲಿ ಇಡುವವರು ಯಾರು? ಎಂಜಿನಿಗೂ ರೇಡಿಯೇಟರಿಗೂ ನಡುವೆ ಥರ್ಮೋಸ್ಟಾಟ್ ಎಂಬ ಸಣ್ಣ ಕವಾಟವಿದೆ. ಅದರ ಲೋಹದ ಕರಡಿಗೆಯಲ್ಲಿ ಮೇಣ ತುಂಬಿರುತ್ತದೆ. ನೀರು ಕಾದಾಗ ಮೇಣ ಕರಗಿ ಹಿಗ್ಗಿ ಕವಾಟವನ್ನು ತೆರೆಯುತ್ತದೆ. ತಣಿದಾಗ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. 82 ಅಥವಾ 88 ಎಂಬಂತೆ ತೆರೆಯುವ ಡಿಗ್ರಿಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚೊತ್ತಿರುತ್ತಾರೆ. ಅಲ್ಲಿಯವರೆಗೆ ನೀರು ಎಂಜಿನಿನೊಳಗೇ ಸುತ್ತುತ್ತಿರಬೇಕು. ಕವಾಟವು ತೆರೆದೇ ಸಿಕ್ಕಿಕೊಂಡರೆ ಮೊದಲ ಗಳಿಗೆಯಿಂದಲೇ ನೀರು ರೇಡಿಯೇಟರಿಗೆ ಹರಿದು ತಣಿಯುತ್ತದೆ. ಎಂಜಿನು ತಣ್ಣಗುಳಿಯಲು ಹೆಚ್ಚಾಗಿ ಇದೇ ಕಾರಣ. ಆದರೂ ಪರೀಕ್ಷಿಸದೆ ಸಾಮಾನು ಬದಲಾಯಿಸುವುದು ಜಾಣತನವಲ್ಲ. ಕ್ರಮವಾಗಿ ನೋಡೋಣ.

ಮೊದಲನೆಯದಾಗಿ, ಮುಳ್ಳು ನಿಜ ಹೇಳುತ್ತಿದೆಯೆ? ಡೀಸೆಲ್ ಎಂಜಿನು ನಿಂತಲ್ಲೇ ಓಡುವಾಗ ಬಲು ನಿಧಾನವಾಗಿ ಕಾಯುತ್ತದೆ, ಅದು ದೋಷವಲ್ಲ. ಆದ್ದರಿಂದ ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿ ಆಮೇಲೆ ನೋಡಿ. ಮುಳ್ಳು ಕೆಳಗಿದ್ದರೂ ಹೀಟರಿನಿಂದ ಸುಡುವ ಗಾಳಿ ಬಂದರೆ ಸೆನ್ಸರಿನ ಮೇಲೋ ಮೀಟರಿನ ಮೇಲೋ ಸಂಶಯಪಡಬೇಕು. ಉಗುರುಬೆಚ್ಚನೆಯ ಗಾಳಿಯಷ್ಟೇ ಬಂದರೆ ಎಂಜಿನು ನಿಜವಾಗಿಯೂ ತಣ್ಣಗಿರಬಹುದು. ಕೆಲವು ಕಾರುಗಳಲ್ಲಿ ಮುಳ್ಳೇ ಇಲ್ಲ, ನೀಲಿ ದೀಪವಷ್ಟೆ. ಅದು ಬಹಳ ಹೊತ್ತು ಆರದಿದ್ದರೆ ಅದೂ ಒಂದು ಸೂಚನೆ. ಗ್ಯಾರೇಜಿನಲ್ಲಿ ಸ್ಕ್ಯಾನರನ್ನು ಜೋಡಿಸಿದರೆ ಡಿಗ್ರಿಯ ಅಂಕಿಯೇ ಕಾಣುತ್ತದೆ. ಪಿ 0128 ಎಂಬ ಸಂಕೇತವು ಬಂದರೆ, ನೀರು ಇರಬೇಕಾದಷ್ಟು ಕಾಯುತ್ತಿಲ್ಲವೆಂದು ಕಾರೇ ದೂರು ಕೊಟ್ಟಂತೆ.

ಎರಡನೆಯದಾಗಿ, ಕೂಲೆಂಟಿನ ಮಟ್ಟ. ನೀರು ಕಡಿಮೆಯಾಗಿ ಸೆನ್ಸರು ಗಾಳಿಯಲ್ಲಿ ನಿಂತರೆ, ಒಳಗೆ ಎಂಜಿನು ಬೇಯುತ್ತಿದ್ದರೂ ಮುಳ್ಳು ತಣ್ಣಗೆಂದೇ ತೋರಿಸಬಹುದು. ಇದು ಬಹಳ ಅಪಾಯದ ಸ್ಥಿತಿ. ಎಂಜಿನು ಪೂರ್ತಿ ಆರಿದ ಮೇಲೆಯೇ ಮುಚ್ಚಳ ತೆಗೆದು ನೋಡಬೇಕು. ಬಿಸಿಯಿರುವಾಗ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ.

ಮೂರನೆಯದು ಫ್ಯಾನು. ಎ.ಸಿ. ಆರಿಸಿ, ಬೆಳಗಿನ ತಣ್ಣನೆಯ ಎಂಜಿನನ್ನು ಚಾಲೂ ಮಾಡಿದೊಡನೆ ರೇಡಿಯೇಟರಿನ ವಿದ್ಯುತ್ ಫ್ಯಾನು ಭರದಿಂದ ತಿರುಗಿದರೆ ರಿಲೇ ಅಂಟಿಕೊಂಡಿರಬಹುದು. ಇಲ್ಲವೆ ಸೆನ್ಸರಿನ ತಂತಿ ಕಡಿದು, ಎಂಜಿನು ಕಾದೀತೆಂಬ ಭಯದಿಂದ ಕಂಪ್ಯೂಟರೇ ಫ್ಯಾನನ್ನು ಓಡಿಸುತ್ತಿರಬಹುದು.

ನಾಲ್ಕನೆಯದು ಪೈಪಿನ ಪರೀಕ್ಷೆ. ರಾತ್ರಿಯೆಲ್ಲ ನಿಂತ ಕಾರನ್ನು ಐದಾರು ನಿಮಿಷ ಓಡಿಸಿ, ಎಂಜಿನು ನಿಲ್ಲಿಸಿ, ರೇಡಿಯೇಟರಿನ ಮೇಲಿನ ರಬ್ಬರ್ ಪೈಪನ್ನು ಮುಟ್ಟಿ ನೋಡಿ. ಥರ್ಮೋಸ್ಟಾಟ್ ಸರಿಯಿದ್ದರೆ ಪೈಪು ಮೊದಲು ತಣ್ಣಗಿದ್ದು, ಕವಾಟ ತೆರೆದಾಗ ಒಮ್ಮೆಗೇ ಬಿಸಿಯಾಗುತ್ತದೆ. ಎಂಜಿನಿನ ಜೊತೆಜೊತೆಗೇ ಮೆಲ್ಲಗೆ ಬೆಚ್ಚಗಾಗುತ್ತ ಬಂದರೆ ಕವಾಟ ತೆರೆದೇ ಇದೆ. ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ನೀರು ಮರಳಿ ಬರುವ ಕಡೆ ಇರುತ್ತದೆ. ಅಲ್ಲಿ ಕೆಳಗಿನ ಪೈಪನ್ನು ನೋಡಬೇಕು.

ಊರಿನ ದಾರಿಯೂ ಒಂದು ಪರೀಕ್ಷೆಯೇ. ಖಂಬಾಟಕಿಯಂಥ ಘಾಟಿಯನ್ನು ತುಂಬಿದ ಕಾರು ಏರುವಾಗ ಮುಳ್ಳು ನಡುವಿಗೆ ಬಂದು, ಇಳಿಯುವಾಗ ಮತ್ತೆ ಕುಸಿದರೆ, ಹೆದ್ದಾರಿಯ ಗಾಳಿಗೆ ತಣಿದು ಪೇಟೆಯ ಜನಸಂದಣಿಯಲ್ಲಿ ಮಾತ್ರ ಏರಿದರೆ, ಅದು ತೆರೆದ ಕವಾಟದ ಸ್ಪಷ್ಟ ಗುರುತು.

ಕಡೆಯ ಸಾಕ್ಷಿ ಅಡುಗೆಮನೆಯ ಒಲೆಯ ಮೇಲೆ. ಬಿಚ್ಚಿದ ಥರ್ಮೋಸ್ಟಾಟನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು, ಥರ್ಮಾಮೀಟರು ಇಟ್ಟು ಕಾಯಿಸಿ. ಅಚ್ಚೊತ್ತಿದ ಡಿಗ್ರಿಯ ಆಸುಪಾಸಿನಲ್ಲಿ ತೆರೆಯಬೇಕು, ಆರಿದಾಗ ಮುಚ್ಚಬೇಕು. ತಣ್ಣೀರಿನಲ್ಲೇ ಬಾಯಿ ತೆರೆದಿದ್ದರೆ ಕಾಯಿಸುವ ಶ್ರಮವೂ ಬೇಡ. ಆ ಪಾತ್ರೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಕೂಡದು, ಕೂಲೆಂಟು ವಿಷ.

ಇನ್ನೊಂದು ಮುಖ್ಯವಾದ ಮಾತು. "ನಮ್ಮ ಸೆಕೆಯ ದೇಶಕ್ಕೆ ಥರ್ಮೋಸ್ಟಾಟ್ ಏಕೆ, ತೆಗೆದುಬಿಡಿ" ಎನ್ನುವ ಮೆಕ್ಯಾನಿಕರು ಈಗಲೂ ಇದ್ದಾರೆ. ರೇಡಿಯೇಟರು ಕಟ್ಟಿಕೊಂಡೋ ಹೆಡ್ ಗ್ಯಾಸ್ಕೆಟ್ ಸೋರಿಯೋ ಕಾಯುತ್ತಿರುವ ಎಂಜಿನಿನ ಥರ್ಮೋಸ್ಟಾಟನ್ನು ಕಿತ್ತರೆ ಮುಳ್ಳು ಕೆಲಕಾಲ ಇಳಿಯಬಹುದು. ರೋಗ ಅಲ್ಲೇ ಉಳಿಯುತ್ತದೆ. ಸಂಬಳದಲ್ಲಿ ಉಳಿಸಿದ ಹಣದಿಂದ ಹಳೆಯ ಡೀಸೆಲ್ ಕಾರು ಕೊಳ್ಳುವವರು ಇದನ್ನು ನೆನಪಿಡಬೇಕು. ಮಾರುವವನು "ಎಷ್ಟು ಓಡಿಸಿದರೂ ಬಿಸಿಯಾಗುವುದಿಲ್ಲ" ಎಂದು ಹೊಗಳಿದರೆ, ಒಳಗೆ ಥರ್ಮೋಸ್ಟಾಟ್ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಸರಿಯಾದುದನ್ನು ಹಾಕಿಸಿ, ಒಂದು ಏರುದಾರಿಯಲ್ಲಿ ಓಡಿಸಿ ನೋಡಿ. ಮುಳ್ಳು ನಡುವೆ ನಿಂತರೆ ಒಳ್ಳೆಯದು. ಕೆಂಪಿಗೆ ಏರಿದರೆ, ಮುಚ್ಚಿಟ್ಟಿದ್ದ ರೋಗ ಹಣ ಕೊಡುವ ಮೊದಲೇ ಹೊರಬಿದ್ದಿತೆಂದು ಸಂತೋಷಪಡಿ.

ಮಹನೀಯರೆ, ಥರ್ಮೋಸ್ಟಾಟ್ ಎಂಜಿನಿನ ಬೆಲೆಯ ಮುಂದೆ ಬಲು ಸಣ್ಣ ವಸ್ತು. ಮುಂದಿನ ಸಲ ಊರಿಗೆ ಹೊರಡುವ ವಾರದಲ್ಲಿ ಟೈರಿನ ಗಾಳಿಯನ್ನು ನೋಡಿಸುವಾಗ ಆ ಮುಳ್ಳಿನ ಕಡೆಗೂ ಒಮ್ಮೆ ಕಣ್ಣು ಹಾಯಿಸಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ; ಹದವಾಗಿರಲಿ.