ಹಳದಿಯ ಹೂ, ಹೊರನಾಡಿನ ಹಬ್ಬ



ಹೂವಿನ ವಿಷಯ ಮಾತನಾಡಲು ನಾನು ಸಸ್ಯಶಾಸ್ತ್ರಜ್ಞನಲ್ಲ, ಬಿ.ಕಾಂ. ಮುಗಿಸಿ ಬ್ಯಾಂಕಿನ ಲೆಡ್ಜರಿನಲ್ಲಿ ತಲೆ ಹುದುಗಿಸಿದ ಗುಮಾಸ್ತ. ಆದರೂ ಶ್ರಾವಣ ಕಳೆದ ಮೇಲೆ ಈ ಲೋಣಾವಳೆಯ ಗುಡ್ಡಗಳತ್ತ ಕಣ್ಣು ಹಾಯಿಸಿದವನಿಗೆ ಸುಮ್ಮನಿರುವುದು ಕಷ್ಟ. ರಾಜಮಾಚಿಯ ಹಾದಿ, ಲೋಹಗಡದ ಮಗ್ಗುಲು, ಎಲ್ಲೆಲ್ಲೂ ಅರಿಶಿನ ಚೆಲ್ಲಿದಂತೆ ಸೋನಕಿ! ಹೆಸರಿನಲ್ಲೇ ಸೋನೆ, ಅಂದರೆ ಚಿನ್ನ, ಇದೆ. ನಮ್ಮವರು ಆವರಿಕೆಗೆ ಹೊನ್ನು ಸೇರಿಸಿ ಹೊನ್ನಾವರಿಕೆ ಎಂದಂತೆಯೇ.

ಈ ಹೂವಿನ ಪರಿಚಯ ನನಗಾದದ್ದು ನಮ್ಮ ಅವ್ವನಿಂದ. ತಂದೆಯವರು ತೀರಿಕೊಂಡ ಮೇಲೆ ಧಾರವಾಡದ ಕಡೆಯ ಹಳ್ಳಿಮನೆಗೆ ಬೀಗ ಹಾಕಿ ಅವಳನ್ನು ಇಲ್ಲಿಗೆ ಕರೆತಂದೆ. ಆ ವರ್ಷದ ಬಲಿಪಾಡ್ಯಮಿ. ಗೌಳಿಗರ ಮನೆಯಿಂದ ಸೆಗಣಿ ತಂದು ಪಾಂಡವರನ್ನು ಮಾಡಿಟ್ಟಳು. ಉತ್ತರಾಣಿ ಕಡ್ಡಿಯೂ ಸಿಕ್ಕಿತು. ಆದರೆ ಗುರೆಳ್ಳಿನ ಹೂ ಎಲ್ಲಿಂದ ತರುವುದು? ಪೇಟೆಯಲ್ಲಿ ಬುಟ್ಟಿಗಟ್ಟಲೆ ಚೆಂಡುಹೂ ಇತ್ತು, ಅವಳಿಗೆ ಅದು ಸಾಲದು. "ತಮ್ಮಾ, ನಮ್ಮ ಹೊಲದಾಗಿನ ಹೂವಿಲ್ಲದ ಇವೆಂಥಾ ಪಾಂಡವ್ರೋ?" ಎಂದು ಹೊಸ್ತಿಲಲ್ಲೇ ಕುಳಿತುಬಿಟ್ಟಳು. ಅವಳು ಅತ್ತದ್ದು ಹೂವಿಗಲ್ಲವೆಂದು ನನಗೆ ತಿಳಿಯದೆ ಇರಲಿಲ್ಲ.

ನನ್ನ ಮಗಳು ನೆರೆಮನೆಯ ಆಜಿಯೊಡನೆ ಹೋಗಿ, ಗುಡ್ಡದ ನೆರಳಿನಲ್ಲಿ ಉಳಿದಿದ್ದ ಸೋನಕಿಯನ್ನು ಒಂದು ಹಿಡಿ ತಂದಳು. "ಅಡವಿ ಹೂ, ಏರಸಬಹುದೋ ಇಲ್ಲೋ" ಎಂದು ಅವ್ವ ಅನುಮಾನಿಸಿದಳು. ಆಮೇಲೆ ಒಂದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು: ನಡುವೆ ಹಳದಿ ಗುಂಡು, ಸುತ್ತ ಹಳದಿ ಎಸಳು. "ಗುರೆಳ್ಳಿನ ತಂಗೀನ ಇದು!"

ಅವ್ವನ ಮಾತು ಸುಳ್ಳಲ್ಲ. ಎರಡೂ ಸೂರ್ಯಕಾಂತಿಯ ಕುಟುಂಬದವು. ನಾವು ಒಂದು ಹೂವೆನ್ನುವುದು ಹಲವು ಪುಟ್ಟ ಹೂಗಳ ಒಟ್ಟುಗೂಡಿದ ಸಂಸಾರ. ಸೋನಕಿಯ ಶಾಸ್ತ್ರೀಯ ಹೆಸರು ಸೆನೆಸಿಯೊ ಬಾಂಬೆಯೆನ್ಸಿಸ್. ಲ್ಯಾಟಿನ್ನಿನಲ್ಲಿ ಸೆನೆಕ್ಸ್ ಎಂದರೆ ಮುದುಕ. ಬೀಜಕ್ಕೆ ಅಂಟಿದ ಬಿಳಿಗೂದಲಿನಿಂದ ಬಂದ ಹೆಸರು. ಇದನ್ನು ಕೇಳಿ ಅವ್ವ ತನ್ನ ತಲೆ ಮುಟ್ಟಿಕೊಂಡು ನಕ್ಕಳು. ಇನ್ನು ನಾವು "ನಮ್ಮದು" ಎನ್ನುವ ಗುರೆಳ್ಳು, ಮೈಸೂರು ಕಡೆಯವರ ಹುಚ್ಚೆಳ್ಳು, ಇಲ್ಲಿಯವರ ಕಾರಳೆ, ಇದರ ಮೂಲ ಇಥಿಯೋಪಿಯದ ಎತ್ತರದ ನೆಲ. ಚೆಂಡುಹೂವಿನ ತವರು ಮೆಕ್ಸಿಕೊ. ಇದನ್ನು ಮಾತ್ರ ನಾನು ಅವ್ವನಿಗೆ ಇನ್ನೂ ಹೇಳಿಲ್ಲ.

ತಂಗಡಿ ಎಂದೂ ಕರೆಯುವ ಆವರಿಕೆಯ ಮಾತು ಬೇರೆ. ಅದು ಅಪ್ಪಟ ನಮ್ಮ ನೆಲದ್ದು. ಅದರ ತೊಗಟೆಯಿಂದ ಚರ್ಮ ಹದಮಾಡುತ್ತಿದ್ದರು. ತೆಲಂಗಾಣದ ಹೆಂಗಳೆಯರು ಅದರ ಹೂವಿನಿಂದ ಬತುಕಮ್ಮನನ್ನು ಪೇರಿಸುತ್ತಾರೆ. 2014ರಲ್ಲಿ ಹುಟ್ಟಿದ ಆ ರಾಜ್ಯ ಅದನ್ನೇ ರಾಜ್ಯಪುಷ್ಪವಾಗಿಸಿತು. ಇಲ್ಲಿ ಅದು ತರವಡ. ನವರಾತ್ರಿಯ ಘಟಕ್ಕೆ ಮಾಲೆಯಾಗುತ್ತದೆ.

ಒಂದು ದೂರು. ರಜಾದಿನಗಳಲ್ಲಿ ಬರುವ ಪ್ರವಾಸಿಗರು ಚಿತ್ರ ತೆಗೆಸಿಕೊಳ್ಳಲು ಸೋನಕಿಯ ನಡುವೆಯೇ ಹೊರಳಾಡುತ್ತಾರೆ. ಬೀಜ ಕಟ್ಟುವ ಮುನ್ನ ತುಳಿದರೆ ಮುಂದಿನ ವರ್ಷ ಆ ಜಾಗ ಬೋಳಾಗದೇ? ನಾವೂ ಪೂಜೆಗೆಂದು ಬುಟ್ಟಿ ತುಂಬಿಸುವುದು ಬೇಡ. ಒಂದು ಹಿಡಿ ಸಾಕು.

ಈ ಸಲ ಅವ್ವ ಊರಿನಿಂದ ಗುರೆಳ್ಳು ತರಿಸಿ ಎಣ್ಣೆಯ ಡಬ್ಬಿಯಲ್ಲಿ ಬಿತ್ತಿದ್ದಾಳೆ. ಮೂರು ಗಿಡ ಎದ್ದಿವೆ, ಮೊಗ್ಗು ಇನ್ನೂ ಕಾಣಿಸಿಲ್ಲ. "ಬಿಡದಿದ್ರ ಸೋನಕಿ ಐತಲ್ಲ" ಎಂದು ನಿನ್ನೆ ಮೊಮ್ಮಗಳಿಗೆ ಹೇಳುತ್ತಿದ್ದಳು.